ಗಿಣಿ ಉಳಿದ ಡಬರಿ

ಕಳೆದ ವಾರ ಶೋಭಾ ಒಂದು ಡಬರಿ ತುಂಬ ಹಿಸುಕಿದ ಬೇಳೆ ಸಾರು ತಂದುಕೊಟ್ಟು ಹೋದಳು. ಕುಂಬಾರಕೊಪ್ಪಲಿನಿಂದ ಹಿನಕಲ್‌ನ ನಮ್ಮ ಮನೆಯವರೆಗೆ, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ಒಂದು ತೊಟ್ಟೂ ಚೆಲ್ಲದಂತೆ. ಸಾರು ಎರಡು ಹೊತ್ತಿಗೆ ಮುಗಿಯಿತು. ಡಬರಿಯನ್ನು ತಿಕ್ಕಿ ತೊಳೆದು ಬಿಸಿಲಿಗೆ ಬೋರಲು ಹಾಕಿದರೂ ಅವರೆಯ ಸೊಗಡು ಮಾತ್ರ ಬಿಡಲಿಲ್ಲ. ಒರೆಸಿ ಎತ್ತಿಡಲು ಹೋದಾಗ ಕಂಠದ ಕೆಳಗಿನ ಒರಟು ಜಾಗ ಹೆಬ್ಬೆರಳಿಗೆ ತಾಗಿತು. ಕನ್ನಡಕ ಹಾಕಿಕೊಳ್ಳದೆಯೂ ಅಲ್ಲಿ ಏನಿದೆಯೆಂದು ನನಗೆ ಗೊತ್ತು. ಗೀಚಿ ಅಳಿಸಿದ ಒಂದು ಹೆಸರು, ಅದರ ಪಕ್ಕದಲ್ಲಿ ಕೊಕ್ಕು ತಿರುಗಿಸಿ ಕೂತ ಗಿಣಿ, ಅದರ ಕೆಳಗೆ ಗುಂಡಗಿನ ಅಕ್ಷರದಲ್ಲಿ ಅದೇ ಹೆಸರು ಮತ್ತೊಮ್ಮೆ. ಗಿಣಿ ನಮ್ಮಪ್ಪನದು, ಗುಂಡಗಿನ ಅಕ್ಷರ ನಮ್ಮವ್ವನದು. ಇಬ್ಬರೂ ಈಗಿಲ್ಲ.

ನಾವಿದ್ದದ್ದು ಕುಂಬಾರಕೊಪ್ಪಲಿನ ಒಂದು ವಠಾರದಲ್ಲಿ. ಆರು ಮನೆಗೆ ಒಂದು ನಲ್ಲಿ, ಒಂದು ಸೀಬೆಮರ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಉದ್ದನೆಯ ಜಗಲಿ. ಅಪ್ಪ ಮಂಡಿ ಮೊಹಲ್ಲಾದ ಪಾತ್ರೆ ಅಂಗಡಿಯ ಮುಂದೆ ಕೂತು, ಕೊಂಡವರ ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹಾಕಿಕೊಡುತ್ತಿದ್ದರು. ಪೆನ್ನಿನಂಥ ಮೆಷಿನ್ನು ಜಿರ್ರ್ ಎಂದು ಶುರುವಾದರೆ ಮದುವೆಗೆ ಕೊಡುವ ಬಿಂದಿಗೆ, ಗೃಹಪ್ರವೇಶದ ತಟ್ಟೆ, ತೊಟ್ಟಿಲ ಶಾಸ್ತ್ರದ ಬಟ್ಟಲು ಎಲ್ಲಕ್ಕೂ ಒಬ್ಬೊಬ್ಬರ ಹೆಸರು ಬಂದು ಕೂರುತ್ತಿತ್ತು. ಹೆಸರಿನ ಕೊನೆಯಲ್ಲಿ ಯಾರೂ ಕೇಳದಿದ್ದರೂ ಒಂದು ಗಿಣಿ. ಅದಕ್ಕೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ. ಅಪ್ಪ ಬರೆದದ್ದೆಂದು ಗಿಣಿ ನೋಡಿಯೇ ಜನ ಗುರುತು ಹಿಡಿಯುತ್ತಿದ್ದರು. ಮನೆಗೆ ಬಂದಾಗ ಅವರ ಅಂಗಿಯಲ್ಲಿ ಕಾದ ಲೋಹದ ವಾಸನೆ ಇರುತ್ತಿತ್ತು. ನಾನು ಮೂರನೆಯ ಕ್ಲಾಸಿಗೆ ಬರುವ ಹೊತ್ತಿಗೆ ಆ ವಾಸನೆ ಸಾರಾಯಿಯ ಕೆಳಗೆ ಮುಚ್ಚಿಹೋಯಿತು.

ಅಪ್ಪ ಹೊಡೆಯುವವರಲ್ಲ. ಕುಡಿದು ಬಂದರೆ ವಠಾರದ ಅಂಗಳದ ನಡುವೆ ನಿಂತು ಮಾತಾಡುವರು, ಅಷ್ಟೆ. ಆದರೆ ಆ ಮಾತಿನಲ್ಲಿ ನಮ್ಮ ಮನೆಯದೆಲ್ಲ ಬೀದಿಗೆ ಬರುತ್ತಿತ್ತು. ಅವ್ವನ ತವರಿನವರು ಆಡಿದ್ದು, ಅವ್ವ ಅತ್ತದ್ದು, ಬೆಳಿಗ್ಗೆ ಅವರಿಬ್ಬರೂ ಪಿಸುಗುಟ್ಟಿಕೊಂಡದ್ದು. ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಅವ್ವನಿಗೆ ಗೊತ್ತಾಗುತ್ತಿತ್ತು. ಒಂದೇ ಸಲ ಟಕ್ಕೆಂದರೆ ಒಲೆ ಹಚ್ಚುವಳು. ಎರಡು ಮೂರು ಸಲ ಕೆರೆದರೆ ಕಿಟಕಿ ಮುಚ್ಚುವಳು. ಮರುದಿನ ನಲ್ಲಿಗೆ ಹೋದರೆ ಅಲ್ಲಿದ್ದವರು ಮಾತು ನಿಲ್ಲಿಸುತ್ತಿದ್ದರು. ಪಾಪ, ಅವರದು ಮರುಕವೇ ಇರಬೇಕು. ಆದರೆ ಆ ಸುಮ್ಮನಾಗುವಿಕೆ ಅವ್ವನನ್ನು ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು. ಅವಳು ಎಲ್ಲರಿಗಿಂತ ಮುಂಚೆ ಎದ್ದು ನೀರು ಹಿಡಿಯತೊಡಗಿದಳು. ಅರಿಶಿನ ಕುಂಕುಮಕ್ಕೆ ಕರೆದರೆ ತಲೆನೋವು ಎನ್ನುವಳು. ಸುಳ್ಳೂ ಅಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದಳು. ಬಾಗಿಲ ಮುಂದಿನ ರಂಗೋಲಿ ದಿನದಿಂದ ದಿನಕ್ಕೆ ಚಿಕ್ಕದಾಗಿ, ಕೊನೆಗೆ ಎರಡು ಗೆರೆಗೆ ಬಂದು ನಿಂತಿತು. ವಠಾರದಲ್ಲಿ ಅವಳಷ್ಟು ದೊಡ್ಡ ರಂಗೋಲಿ ಹಾಕುವವರು ಬೇರೆ ಇರಲಿಲ್ಲ.

ಅವರೆಕಾಯಿ ಕಾಲ ಬಂತೆಂದರೆ ಸಂಜೆ ಹೆಂಗಸರೆಲ್ಲ ಜಗಲಿಯ ಮೇಲೆ ಸಾಲಾಗಿ ಕೂತು, ನೆನೆಸಿದ ಕಾಳು ಹಿಸುಕುವುದು ವಾಡಿಕೆ. ಎರಡು ಬೆರಳ ನಡುವೆ ಹಿಸುಕಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳಬೇಕು. ಕೆಲವು ಯಾರದೋ ಕೆನ್ನೆಗೆ ಬಡಿಯುವುದು, ಎಲ್ಲರೂ ನಗುವುದು. ಆ ವರ್ಷ ಅವ್ವ ಒಳಗೆ, ಬಾಗಿಲು ಅರೆ ಮುಚ್ಚಿಕೊಂಡು, ಒಬ್ಬಳೇ ಹಿಸುಕುತ್ತಿದ್ದಳು. ಹೊರಗೆ ನಗೆ ಎದ್ದರೆ ಅವಳ ಕೈ ನಿಲ್ಲುತ್ತಿತ್ತು.

"ನನ್ ಬಗ್ಗೇನಾ ನಕ್ಕಿದ್ದು? ಹೋಗಿ ನೋಡ್ಕಂಡ್ ಬಾ" ಎನ್ನುವಳು.

ನಾನು ನೋಡಿ ಬಂದು, "ಇಲ್ಲ ಕಣವ್ವ, ಚಿಕ್ಕತಾಯತ್ತೆ ಮೂಗಿಗೆ ಕಾಳು ಹೊಡೀತು" ಎಂದರೂ ಅವಳಿಗೆ ನಂಬಿಕೆ ಬರುತ್ತಿರಲಿಲ್ಲ.

ಚಿಕ್ಕತಾಯಮ್ಮ ಪಕ್ಕದ ಮನೆಯವರು, ಅವ್ವನಿಗಿಂತ ಹತ್ತು ವರ್ಷ ದೊಡ್ಡವರು. ಈಗ ಸಾರು ತಂದ ಶೋಭಾ ಅವರ ಸೊಸೆ. ಒಂದು ಸಂಜೆ ಅವರು ತಮ್ಮ ಹೊಸ ಡಬರಿಯಲ್ಲಿ ನಮಗೆ ಸಾರು ಕಳಿಸಿದರು. ಡಬರಿಯ ಮೇಲೆ ಅಪ್ಪನೇ ಹಾಕಿದ್ದ ಅವರ ಹೆಸರು, ಗಿಣಿ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದಲ್ಲ, ಅವ್ವ ತೊಳೆದು, ತಳಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ ಮೂಲೆಯಲ್ಲಿಟ್ಟಿದ್ದಳು. ಮರುದಿನ ಮಧ್ಯಾಹ್ನ ನೋಡಿದರೆ ಡಬರಿ ಇಲ್ಲ. ಸಕ್ಕರೆ ಮಾತ್ರ ಒಂದು ತಟ್ಟೆಗೆ ಬಂದಿತ್ತು, ಒಂದು ಕಾಳೂ ನೆಲಕ್ಕೆ ಬೀಳದ ಹಾಗೆ. ಅಷ್ಟು ಅಚ್ಚುಕಟ್ಟು ಅಪ್ಪನದೇ. ಅವ್ವ ತಟ್ಟೆಯ ಮುಂದೆ ಕೂತಳು. ಇರುವೆ ಬಂದು ಮುತ್ತಿಕೊಳ್ಳುವವರೆಗೂ ಕೂತಿದ್ದಳು.

ಆಮೇಲೆ ಸಂಕ್ರಾಂತಿ ಬಂತು. ಎಳ್ಳು, ಬೆಲ್ಲ, ಕೊಬ್ಬರಿ ಬೆರೆಸಿ, ಸಕ್ಕರೆ ಅಚ್ಚು ಜೋಡಿಸಿ ಅವ್ವ ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಕೊಡುವಾಗ ನನ್ನ ಮುಖ ನೋಡಲಿಲ್ಲ. "ಚಿಕ್ಕತಾಯಕ್ಕನ ಮನೆ ಬುಟ್ಬುಡು" ಎಂದಳು. ಎಳ್ಳು ಬೀರುವಾಗ ಪಕ್ಕದ ಮನೆಯನ್ನೇ ಬಿಟ್ಟು ಹೋಗುವುದೆಂದರೆ ಮಾತು ಬಿಟ್ಟೆವೆಂದು ಸಾರಿದ ಹಾಗೆ. ಹಸಿರು ಲಂಗ ಹಾಕಿಕೊಂಡಿದ್ದ ನನ್ನನ್ನು ಕಂಡು ಚಿಕ್ಕತಾಯತ್ತೆ ಬಾಗಿಲಲ್ಲಿ ನಗುತ್ತಾ ನಿಂತಿದ್ದರು, ನನಗೆ ಕೊಡಲು ಕಬ್ಬಿನ ತುಂಡು ಹಿಡಿದುಕೊಂಡು. ನಾನು ತಟ್ಟೆಯನ್ನೇ ನೋಡುತ್ತಾ ಅವರನ್ನು ದಾಟಿ ಹೋದೆ. ಈ ವಯಸ್ಸಿನಲ್ಲೂ ಆ ನಾಲ್ಕು ಹೆಜ್ಜೆ ನೆನೆದರೆ ಕಿವಿ ಬಿಸಿಯಾಗುತ್ತದೆ.

ದೀಪ ಹಚ್ಚುವ ಹೊತ್ತಿಗೆ ಅವರು ನಮ್ಮ ಹೊಸಿಲಲ್ಲಿ ನಿಂತಿದ್ದರು, ಸೆರಗಿನ ಕೆಳಗೆ ಏನನ್ನೋ ಮರೆಮಾಡಿಕೊಂಡು.

"ಯಾಕ್ ರತ್ನ, ನಮ್ಮನೆ ಏನ್ ಊರಾಚೆ ಅದಾ? ನಿನ್ ಮಗ್ಳು ನಿಲ್ಲದಿರೋ ರೈಲು ಹೋದಂಗೆ ಹೋದ್ಲಲ್ಲೇ!"

ಅವ್ವ ಒಳಗೆ ಬನ್ನಿ ಎಂದೂ ಅನ್ನಲಿಲ್ಲ. ಗೋಡೆ ಹಿಡಿದುಕೊಂಡು, ಒಂದೇ ಉಸಿರಿಗೆ ಹೇಳಿಬಿಟ್ಟಳು. "ನಿಮ್ ಡಬರಿ ಮನೇಲಿಲ್ಲ ಅಕ್ಕ. ಇವ್ರು ಮಾರಿ ಕುಡಿದ್ಬುಟ್ರು. ಯಾವ್ ಮುಖ ಇಟ್ಕೊಂಡು ನಿಮಗೆ ಎಳ್ಳು ಕಳಿಸ್ಲಿ?"

ಕುಡಿದರು ಎಂಬ ಮಾತನ್ನು ಅವ್ವ ಇನ್ನೊಬ್ಬರ ಮುಂದೆ ಆಡಿದ್ದು ಅದೇ ಮೊದಲು. ಅಲ್ಲಿಯವರೆಗೆ ಅಪ್ಪನಿಗೆ ಜ್ವರ, ಅಪ್ಪನಿಗೆ ಸುಸ್ತು, ಅಷ್ಟೇ.

"ಗೊತ್ತು ಕಣೇ" ಎಂದು ಚಿಕ್ಕತಾಯತ್ತೆ ಸೆರಗು ಸರಿಸಿದರು. ಡಬರಿ! ತುಂಬ ಎಳ್ಳು. "ನಮ್ಮನೆಯವ್ರು ಹಳೇ ಪಾತ್ರೆ ಅಂಗ್ಡೀಲಿ ಕಂಡು ಆವತ್ತೇ ತಂದ್ರು. ನೋಡಿಲ್ಲಿ, ನನ್ ಹೆಸ್ರು ಗೀಚಾಕವ್ನೆ ನಿನ್ ಗಂಡ, ಗಿಣೀನ ಹಂಗೇ ಬುಟ್ಟವ್ನೆ. ಅದನ್ ಗೀಚೋಕೆ ಕೈ ಬರ್ಲಿಲ್ಲ ಕಾಣ್ತದೆ."

"ಗೊತ್ತಿದ್ದೂ ಯಾಕ್ ಸುಮ್ನಿದ್ರಿ?"

"ನಾನಾಗೇ ತಂದ್ ತೋರ್ಸಿದ್ರೆ ನೀನು ಇನ್ನೊಂದು ಬಾಗ್ಲು ಹಾಕ್ಕೊತಿದ್ದೆ. ನಿನ್ ಬಾಯಿಂದ್ಲೇ ಬರ್ಲಿ ಅಂತ ಕಾದೆ. ಎಳ್ಳು ತಪ್ಪಿಸ್ದಾಗ ಮಾತ್ರ ತಡ್ಕೊಳಕ್ಕಾಗ್ಲಿಲ್ಲ. ಕುಡಿಯೋನು ಅವ್ನು, ಅವ್ನು ಊರೆಲ್ಲ ಸುತ್ಕೊಂಡವ್ನೆ. ಕದ ಹಾಕ್ಕೊಂಡ್ ಕೂತಿರೋಳು ನೀನು. ಇದ್ಯಾವ್ ನ್ಯಾಯ ಹೇಳು?" ಅವ್ವ ಅಳತೊಡಗಿದಾಗ ಅವರು ದನಿ ಏರಿಸಿದರು. "ಅಳೋದಾದ್ರೆ ನಾಳೆ ಜಗಲಿಗೆ ಬಂದು ಅಳು. ಎರಡು ಮಂಕರಿ ಕಾಯಿ ತರಿಸಿವ್ನಿ, ಹಿಸುಕ್ತಾ ಹಿಸುಕ್ತಾ ಅಳೀವಂತೆ."

ಅವ್ವ ಅಳುತ್ತಲೇ ನಕ್ಕಳು. ಅಂದು ಅಪ್ಪ ಬಂದಾಗ ದೇವರ ಗೂಡಿನ ಕೆಳಗೆ ಆ ಡಬರಿ ಇತ್ತು. ನೋಡಿದರು. ಅಂಗಳಕ್ಕೂ ಹೋಗಲಿಲ್ಲ, ಊಟಕ್ಕೂ ಏಳಲಿಲ್ಲ.

ಮರುದಿನ ಅವ್ವ ಜಗಲಿಗೆ ಹೋದಳು. ನಾನು ಅವಳ ಸೀರೆ ಹಿಡಿದುಕೊಂಡೇ ಇದ್ದೆ. ಮಾತು ನಿಂತಿತು, ಅದೇ ಹಳೆಯ ನಿಲುಗಡೆ. ಅವ್ವ ಕೂತು ಒಂದು ಕಾಳು ಹಿಸುಕಿದಳು, ಅದು ನೇರ ಹೋಗಿ ಚಿಕ್ಕತಾಯತ್ತೆಯ ಹಣೆಗೆ ಬಡಿಯಿತು. "ಡಬರಿ ತಂದ್ಕೊಟ್ಟಿದ್ದಕ್ಕೆ ಇದಾ ಮರ್ವಾದೆ!" ಎಂದು ಅವರು ಕೂಗಿದರು. ಆ ನಗುವಿನಲ್ಲಿ ಅವ್ವನ ದನಿಯೂ ಇತ್ತು. ಅದು ಯಾರ ಬಗ್ಗೆ ಎಂದು ಅವಳು ನನ್ನನ್ನು ಕೇಳಲಿಲ್ಲ.

ಅಪ್ಪ ಅಷ್ಟಕ್ಕೇ ಕುಡಿತ ಬಿಟ್ಟರೆಂದು ಬರೆದರೆ ಸುಳ್ಳಾದೀತು. ಬಿಟ್ಟರು, ಹಿಡಿದರು, ಮತ್ತೆ ಬಿಟ್ಟರು. ಆದರೆ ಅವ್ವ ಅದಕ್ಕಾಗಿ ಕಾಯುವುದನ್ನು ಬಿಟ್ಟಳು. ಮುಂದಿನ ವರ್ಷ ಅಪ್ಪನ ಕೈ ನಡುಗಿ ಅಕ್ಷರ ಒಡೆಯತೊಡಗಿದಾಗ ಅಂಗಡಿಯ ಸಾಹುಕಾರರು ಬರಬೇಡ ಎಂದರು. ಚಿಕ್ಕತಾಯತ್ತೆ ಅವ್ವನನ್ನು ಎಳೆದುಕೊಂಡೇ ಅಂಗಡಿಗೆ ಹೋದರಂತೆ, "ರಂಗೋಲಿ ಕೈ ಸ್ವಾಮಿ ಇವಳ್ದು, ಒಂದು ಸಲ ನೋಡಿ" ಎಂದು. ಸಾಹುಕಾರರು ಸೊಟ್ಟಗಾದ ಒಂದು ಮುಚ್ಚಳ ಕೊಟ್ಟು, ಕಲಿತು ಬಾ ಎಂದರು. ಕಲಿಸಿದ್ದು ಅಪ್ಪನೇ. ಬೆಳಗಿನ ಹೊತ್ತು, ಕುಡಿಯದೆ, ಅವ್ವನ ಕೈಯ ಮೇಲೆ ಕೈಯಿಟ್ಟು. "ಬಿಗಿಯಾಗ್ ಹಿಡೀಬೇಡ. ಅದು ತಾನೇ ಹೋಗ್ತದೆ, ನೀನು ದಾರಿ ತೋರ್ಸು ಸಾಕು." ಮೇಲಿನ ಕೈ ನಡುಗುತ್ತಿತ್ತು, ಕೆಳಗಿನದು ಅದನ್ನು ಹೊತ್ತುಕೊಂಡೇ ನೆಟ್ಟಗೆ ನಡೆಯುತ್ತಿತ್ತು. ಮುಚ್ಚಳದ ನಂತರ ಅವ್ವ ಮೊದಲು ಬರೆದದ್ದು ಈ ಡಬರಿಯ ಮೇಲೆ, ಗೀಚಿದ್ದರ ಕೆಳಗೆ, ಚಿಕ್ಕತಾಯಮ್ಮ ಎಂದು. ಗಿಣಿ ಹಾಕುವುದನ್ನು ಅವಳು ಕಲಿಯಲೇ ಇಲ್ಲ. "ಅದು ನಿಮ್ದು" ಎಂದಳು. ಅದುವರೆಗೆ ನಮ್ಮಲ್ಲೇ ಉಳಿದಿದ್ದ ಡಬರಿ ಆವತ್ತು, ತಳದಲ್ಲಿ ನಾಲ್ಕು ಚಮಚ ಸಕ್ಕರೆಯೊಂದಿಗೆ, ಪಕ್ಕದ ಮನೆಗೆ ಹೋಯಿತು.

ಆಮೇಲೆ ಎಷ್ಟೋ ವರ್ಷ ಅವ್ವ ಅಂಗಡಿಯ ಮುಂದೆ ಕೂತಳು. ಒಳ್ಳೆಯ ದಿನಗಳಲ್ಲಿ ಅಪ್ಪ ಮಧ್ಯಾಹ್ನ ಕ್ಯಾರಿಯರ್ ತರುವರು. ಅವಳು ಉಣ್ಣುವಾಗ ಪಕ್ಕದಲ್ಲಿ ಕೂತು ಒಂದೆರಡು ಗಿಣಿ ಹಾಕಿಕೊಡುವರು. ಅಪ್ಪನ ಕೊನೆಯ ಮೂರು ವರ್ಷ ಎಲ್ಲವೂ ಒಳ್ಳೆಯ ದಿನಗಳೇ ಆಗಿದ್ದವು. ಪಾತ್ರೆ ತಂದ ಹೆಂಗಸರಲ್ಲಿ ಕೆಲವರು ಹೆಸರು ಹೇಳಿ ಸುಮ್ಮನಾಗದೆ ಮನೆಯ ಕಥೆಯನ್ನೂ ಹೇಳಿಕೊಳ್ಳುತ್ತಿದ್ದರು. ಅವ್ವ ಮೆಷಿನ್ನು ನಿಲ್ಲಿಸಿ ಕೇಳುತ್ತಿದ್ದಳು. ಬುದ್ಧಿ ಹೇಳಿದ್ದು ಕಡಿಮೆ. "ಬಾಗ್ಲು ಮಾತ್ರ ಹಾಕ್ಕೋಬೇಡಿ" ಎನ್ನುವಳು.

ಈಗ ಆ ವಠಾರವಿಲ್ಲ. ಜಗಲಿ ಇದ್ದ ಕಡೆ ಕಾರುಗಳು ನಿಲ್ಲುತ್ತವೆ. ಅಪ್ಪ ಮೊದಲು ಹೋದರು, ಆಮೇಲೆ ಚಿಕ್ಕತಾಯತ್ತೆ, ಹೋದ ವರ್ಷ ಅವ್ವ. ಡಬರಿ ಮಾತ್ರ ವರ್ಷಕ್ಕೊಂದು ಸಲ ಬಂದು ಹೋಗುತ್ತಿದೆ.

ಇಂದು ಬೆಳಿಗ್ಗೆ ಶೋಭಾಗೆ ಫೋನ್ ಮಾಡಿ, ನಾಳೆ ತರುತ್ತೇನೆ ಎಂದೆ. "ಇಟ್ಕೊಳ್ಳಿ ಅಕ್ಕ, ನಿಮ್ ಅಪ್ಪ ಅಮ್ಮನ ಕೈದು ಅದು, ನಿಮ್ಮನೇಲೇ ಇರ್ಲಿ" ಎಂದಳು. ಒಂದು ಗಳಿಗೆ ಆಸೆಯಾದದ್ದು ನಿಜ.

"ಇಟ್ಕೊಂಡ್ರೆ ಮುಂದಿನ್ ವರ್ಷ ಸಾರು ಯಾವ್ದ್ರಲ್ಲಿ ತರ್ತೀಯೇ?" ಎಂದೆ.

ಡಬರಿಯನ್ನು ಇನ್ನೊಂದು ಸಲ ಮೂಸಿ ನೋಡಿದೆ. ಸೊಗಡು ಸಣ್ಣಗೆ ಇನ್ನೂ ಇತ್ತು. ತಳಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿ, ಮುಚ್ಚಿ, ಬಾಗಿಲ ಬಳಿ ಇಟ್ಟಿದ್ದೇನೆ.