ಚಿನ್ನಮ್ಮತ್ತೆಯ ಮಗ

ಕಳೆದ ವಾರ ಗೋಣಿಕೊಪ್ಪಲಿನ ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಯಾರದೋ ಕೈಜಾರಿ ಕಾಚಂಪುಳಿಯ ಬಾಟಲಿ ಒಡೆಯಿತು. ಕಪ್ಪು ರಸ ಸಿಮೆಂಟಿನ ಮೇಲೆ ಹರಿದು, ಹುಳಿಯೂ ಹೊಗೆಯೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ನಾನು ಬಸ್ಸನ್ನು ಮರೆತು ನಿಂತುಬಿಟ್ಟೆ. ಅಂಗಡಿಯವನು ಗೊಣಗುತ್ತಾ ನೀರು ಸುರಿದ. ಸುರಿದಷ್ಟೂ ವಾಸನೆ ಹೆಚ್ಚಾಯಿತು. ನಿಮಗೂ ಹೀಗೆ ಆಗಿರಬಹುದು. ಐವತ್ತು ದಾಟಿದ ಮೇಲೆ ನೆನಪುಗಳು ಹೇಳಿ ಕೇಳಿ ಬರುವುದಿಲ್ಲ. ಚೆಟ್ಟಳ್ಳಿಯ ಕಡೆ, ಎಸ್ಟೇಟ್ ರಸ್ತೆ ಬಿಟ್ಟು ಗದ್ದೆಗೆ ಇಳಿಯುವಲ್ಲಿ ನಮ್ಮ ಮನೆಯಿತ್ತು. ಈಗ ಆ ಜಾಗದಲ್ಲಿ ಯಾರದೋ ಕಾಫಿ ಕಣವಿದೆ. ಆ ಮನೆಯ ಹಿತ್ತಲಲ್ಲಿ ಅಜ್ಜಿ ಹುಳಿಹಣ್ಣಿನ ರಸವನ್ನು ಮಣ್ಣಿನ ಮಡಕೆಯಲ್ಲಿ ಇಡೀ ದಿನ ಕುದಿಸಿ, ಹಂದಿ ಸಾರಿಗೆ ಬೇಕಾಗುವ ಕಾಚಂಪುಳಿ ಮಾಡುತ್ತಿದ್ದಳು. ಮರದಡಿ ಬಿದ್ದ ಹಣ್ಣು ಹೆಕ್ಕಿ ಬುಟ್ಟಿ ತುಂಬಿಸುವುದು ಮಕ್ಕಳ ಕೆಲಸ. ಮಕ್ಕಳೆಂದರೆ ನಾನು ಮತ್ತು ಪಕ್ಕದ ಮನೆಯ ಕುಶಾಲಪ್ಪ.

ಕುಶಾಲಪ್ಪ ನನಗಿಂತ ಎರಡು ವರ್ಷಕ್ಕೆ ದೊಡ್ಡವನು. ಅವನ ಅಮ್ಮ ಚಿನ್ನಮ್ಮ, ಗಂಡನ ಮನೆಯಲ್ಲಿ ಬಾಳಲಾರದೆ ಕೈಗೂಸನ್ನು ಎತ್ತಿಕೊಂಡು ತವರಿಗೆ ಬಂದವಳು. ಬಂದ ಮೇಲೆ ಆ ಮನೆಯ ಹೆಸರನ್ನು ಅವಳು ಬಾಯಲ್ಲಿ ಎತ್ತಲಿಲ್ಲ. ಶಾಲೆಯಲ್ಲೂ ಮಗನ ಹೆಸರಿನ ಮುಂದೆ ತನ್ನ ತವರಿನ ಹೆಸರನ್ನೇ ಬರೆಸಿದಳು. ಅವಳ ತವರಿನವರೂ ನಾವೂ ಒಂದೇ ಬಳಿಯವರು, ಅಂದರೆ ಒಂದೇ ಮೂಲಪುರುಷನ ವಂಶದವರು. ನಮ್ಮಲ್ಲಿ ಒಂದೇ ಬಳಿ ಎಂದರೆ ಎಷ್ಟು ದೂರದವರಾದರೂ ಅಣ್ಣತಮ್ಮಂದಿರು, ಅಕ್ಕತಂಗಿಯರು. ಅವರೊಳಗೆ ಮದುವೆಯ ಮಾತೇ ಇಲ್ಲ. ಹಾಗಾಗಿ ನನ್ನಪ್ಪನಿಗೆ ಚಿನ್ನಮ್ಮ ತಂಗಿ, ನನಗೆ ಅತ್ತೆ. ಶಾಲೆಗೆ ಎರಡು ಮೈಲಿ ತೋಟದೊಳಗೆ ನಡೆಯಬೇಕಿತ್ತು, ದಾರಿಯಲ್ಲಿ ಆನೆಗಳ ಕಾಟ. ಅವನ ಜೊತೆ ಕಳಿಸದೆ ವಿಧಿಯಿರಲಿಲ್ಲ. ನಾನು ಶಾಲೆಗೆ ಸೇರಿದ ದಿನ ಅಜ್ಜಿ ನನ್ನ ಕೈಯನ್ನು ಅವನ ಕೈಗೆ ಕೊಟ್ಟು ಹೇಳಿದಳು: "ಇವನ ಅಣ್ಣಂತ ಕರೆಯಕು. ಗೊತ್ತಾತಾ?"

ಗೊತ್ತಾಯಿತು. ಅಲ್ಲಿಂದ ಮೂವತ್ತೈದು ವರ್ಷ ಅವನು ನನಗೆ ಕುಶಾಲಣ್ಣ. ಅಮ್ಮನನ್ನು ಅತ್ತೆ ಎನ್ನುವವಳು ಮಗನನ್ನು ಅಣ್ಣ ಎನ್ನುವುದು ಹೇಗೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ. ಅತ್ತೆಯ ಮಗ ಬಾವನಾಗಬೇಕು ಎಂಬುದು ನಮ್ಮ ಕಡೆಯ ಅಂಗನವಾಡಿ ಕೂಸಿಗೂ ಗೊತ್ತು. ಆದರೆ ಅವನಿಗೊಬ್ಬ ಅಪ್ಪನಿದ್ದ, ಆ ಅಪ್ಪನಿಗೊಂದು ಬಳಿಯಿತ್ತು, ಮಗನ ಬಳಿಯೂ ಅದೇ ಎನ್ನುವುದನ್ನೇ ಊರು ಮರೆತಿತ್ತು. ಅಜ್ಜಿಗೆ ಮಾತ್ರ ಖಂಡಿತ ನೆನಪಿತ್ತು. ಊರಿನ ಬಾಯಿ ಮುಚ್ಚಿಸಲು ಅವಳು ಆ ಒಂದು ಮಾತಿನ ಬೇಲಿ ಹಾಕಿದಳು, ಅದನ್ನು ತೆಗೆಯುವ ಮೊದಲೇ ತೀರಿಕೊಂಡಳು. ಚಿನ್ನಮ್ಮತ್ತೆಯೂ ಬಾಯಿ ಬಿಡದೆಯೇ ಹೋದಳು.

ನನ್ನ ಹತ್ತೊಂಬತ್ತರ ವಯಸ್ಸಿನಲ್ಲಿ, ಅವನಿಗೊಂದು ಹೆಣ್ಣು ಗೊತ್ತಾಗಿದೆ ಎಂದಾಗ ನಾನು ಬಚ್ಚಲಿಗೆ ಹೋಗಿ ಒಲೆಯ ಹೊಗೆಯ ನೆಪದಲ್ಲಿ ಅತ್ತುಬಿಟ್ಟೆ. ಅಣ್ಣನಿಗೆ ಮದುವೆಯಾದರೆ ತಂಗಿ ಯಾಕೆ ಅಳಬೇಕು? ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆ ಸಂಬಂಧ ಮುರಿದುಬಿತ್ತು, ಆ ದಿನ ನಾನು ಎರಡು ತಟ್ಟೆ ಅನ್ನ ಉಂಡೆ. ಅದಕ್ಕೂ ಹೇಸಿಗೆಯಾಯಿತು. ಮುಂದೆ ನನ್ನನ್ನು ನೋಡಲು ಬಂದ ಗಂಡುಗಳನ್ನೆಲ್ಲ ಜೀಪಿನಲ್ಲಿ ಕರೆತಂದವನು ಅವನೇ. ಒಬ್ಬನ ಕಿವಿ ದೊಡ್ಡದು, ಒಬ್ಬ ನಗುವುದೇ ಇಲ್ಲ ಎಂದು ನಾನು ಒಬ್ಬೊಬ್ಬರನ್ನೇ ಬೇಡವೆಂದೆ. "ನಿಂಗೆ ಎಂತವ ಬೇಕು ಮಾರಾಯ್ತಿ?" ಎಂದು ಅವನು ರೇಗುತ್ತಿದ್ದ. ಅವನೂ ಮದುವೆಯಾಗಲಿಲ್ಲ. ನನಗೆ ಗೋಣಿಕೊಪ್ಪಲಿನ ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು, ಅಪ್ಪ ಅಮ್ಮ ಹೋದ ಮೇಲೆ ಮನೆ ಮಾರಿಹೋಯಿತು. ಇಪ್ಪತ್ತು ವರ್ಷ ನಾನು ಒಂದು ಪಾಪವನ್ನು ಯಾರಿಗೂ ಕಾಣದಂತೆ ಸಾಕಿದೆ. ಅದು ಪಾಪವೇ ಅಲ್ಲವೆಂದು ಹೇಳುವವರು ಯಾರೂ ಇರಲಿಲ್ಲ.

ಅವನ ಸೋದರಮಾವ ತೀರಿಕೊಂಡ ಮರುವರ್ಷ, ಕಾರಣರಿಗೆ, ಅಂದರೆ ಮನೆಯ ಹಿರಿಯರಿಗೆ, ಎಡೆ ಇಡುವ ದಿನ ನಾನೂ ಹೋಗಿದ್ದೆ. ಮಾವ ಇದ್ದಷ್ಟು ದಿನ ಎಡೆ ಇಡುತ್ತಿದ್ದವನು ಕುಶಾಲಣ್ಣನೇ. ಅಂದೂ ಸ್ನಾನ ಮಾಡಿ ಬಿಳಿ ಪಂಚೆ ಉಟ್ಟು ಬಾಳೆಲೆಗೆ ಕೈ ಹಾಕಿದ. ಬಳಿಯ ಹಿರಿಯರೊಬ್ಬರು ಅವನ ತೋಳು ಮುಟ್ಟಿ ಮೆಲ್ಲಗೆ ಹೇಳಿದರು: "ನೀ ಬೇಡ ಮಗ. ನಿನ್ನ ಬಳಿ ಬೇರೆ." ಬೈದು ಹೇಳಿದ್ದರೆ ಅವನು ತಿರುಗಿ ಮಾತಾಡುತ್ತಿದ್ದನೇನೋ. ಎಲೆಯನ್ನು ಇದ್ದಲ್ಲೇ ಬಿಟ್ಟು ಹೊರಗೆ ಬಂದ. ನಾನು ಕಾಫಿ ಹಿಡಿದುಕೊಂಡು ಹೋದಾಗ ಜೀಪಿನ ಬಾನೆಟ್ಟಿಗೆ ಒರಗಿ ನಿಂತಿದ್ದ. ನಲವತ್ಮೂರು ವರ್ಷದ ಗಂಡಸು, ಪಂಚೆಯ ಅಂಚಿನಿಂದ ಕಣ್ಣೊರೆಸುತ್ತಿದ್ದ.

"ನಂಗೆ ಈ ಮನೇಲಿ ಜಾಗ ಇಲ್ಲೆ," ಎಂದ.

ಅವನಿಗೆ ಏನಾದರೂ ಸಮಾಧಾನ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ: "ಹಂಗಾರೆ ನಾ ನಿನ್ನ ತಂಗಿ ಅಲ್ಲ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಕಾಫಿ ಆರುವವರೆಗೂ ನೋಡಿದ. ಅವನು ಮನೆ ಕಳೆದುಕೊಂಡ ಗಳಿಗೆಯಲ್ಲಿ ನನಗೆ ಸಂತೋಷವಾಯಿತು ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಆದರೆ ಆಯಿತು.

ಆಮೇಲಿನ ಆರು ವರ್ಷ ನಮ್ಮದು. ಭಾನುವಾರ ಬೆಳಿಗ್ಗೆ ನನ್ನ ಬಾಡಿಗೆ ಮನೆಯ ಮುಂದೆ ಜೀಪು ನಿಲ್ಲುತ್ತಿತ್ತು. ಅವನು ಮೀನು ತರುತ್ತಿದ್ದ, ಅದನ್ನು ಹುರಿಯುವ ಬಗ್ಗೆ ನನಗೆ ಪಾಠ ಹೇಳುತ್ತಿದ್ದ. ಮೊದಲ ಸಲ ಕೈ ಹಿಡಿದಾಗ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆ ಕೈ ನನಗೆ ಆರನೆಯ ವಯಸ್ಸಿನಿಂದ ಗೊತ್ತಿದ್ದ ಕೈ. ಆದರೆ ಕರೆಯುವುದು ಹೇಗೆ? ಅಣ್ಣ ಎನ್ನಲು ಆಗದು, ಬಾವ ಎನ್ನಲು ನಾಲಿಗೆ ಏಳದು. "ಇಲ್ಲಿ ಕೇಳು" ಎಂದೇ ಆರು ವರ್ಷ ದೂಡಿದೆ. ಊರಿನಲ್ಲಿ ಹೇಳಿ ಮದುವೆಯಾಗುವ ಎಂದು ಅವನು ಅಂಗಲಾಚಿದ. ನನಗೆ ಹೆದರಿಕೆ. ಅಣ್ಣತಂಗಿ ಎಂದು ನಮ್ಮನ್ನು ನೋಡುತ್ತಾ ಮುದುಕರಾದವರಿಗೆ ಬಳಿಯ ಲೆಕ್ಕ ಬಿಡಿಸಿ ಹೇಳುತ್ತಾ ಕೂರುವುದೇ? ಮುಂದಿನ ವರ್ಷ ಎಂದೆ. ಅದನ್ನೇ ಪ್ರತಿ ವರ್ಷವೂ ಎಂದೆ.

ಒಂದು ಬೆಳಿಗ್ಗೆ ತೋಟದಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ನೋಡುತ್ತಿದ್ದವನು ಎದೆ ಹಿಡಿದು ಕೂತ. ಊರಿನವರು ಮೈಸೂರಿಗೆ ಕರೆದೊಯ್ದರು, ದಾರಿಯಲ್ಲಿ ನನ್ನನ್ನೂ ಹತ್ತಿಸಿಕೊಂಡರು. ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನರ್ಸ್ ಒಬ್ಬಳು ಕಾಗದ ಹಿಡಿದು ಕೇಳಿದಳು: "ಇವ್ರಿಗೆ ನೀವು ಏನಾಗ್ಬೇಕು?" ಊರಿನ ಮೂವರು ನನ್ನ ಹಿಂದೆಯೇ ನಿಂತಿದ್ದರು. ಅವನು ಎಚ್ಚರವಾಗಿದ್ದ, ಕಣ್ಣು ನನ್ನ ಮೇಲೆಯೇ ಇತ್ತು. ಅವನು ಕಾಯುತ್ತಿದ್ದಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಗ್ಗಿ ಅವನ ಹೊದಿಕೆಯ ಅಂಚು ಸರಿಮಾಡಿದೆ.

ಅವನೇ ಮೂಗಿನ ಮೇಲಿನ ಮಾಸ್ಕನ್ನು ಸ್ವಲ್ಪ ಸರಿಸಿ ನರ್ಸಿಗೆ ಹೇಳಿದ: "ತಂಗಿ. ನನ್ನ ತಂಗಿ. ಬರ್ಕೊಳ್ಳಿ."

ಅವಳು ಬರೆದುಕೊಂಡಳು. ಮರುದಿನ ಮಧ್ಯಾಹ್ನ ಅವನು ಹೋದ.

ತಿಥಿಯ ದಿನ ಪಂಕ್ತಿಯಲ್ಲಿ ನಾನೇ ಅನ್ನ ಬಡಿಸಿದೆ. ಅಂದು ಎಡೆ ಇಡದಂತೆ ಅವನನ್ನು ತಡೆದಿದ್ದ ಆ ಹಿರಿಯರು ಎಲೆಯ ಮುಂದಿನಿಂದ ತಲೆಯೆತ್ತಿ, ಕಣ್ಣು ತುಂಬಿಕೊಂಡು ಹೇಳಿದರು: "ಅಂತ ಅಣ್ಣ ಸಿಕ್ಕಕೆ ಪುಣ್ಯ ಮಾಡಿರಕು ಮಗ."

"ಹೌದು," ಎಂದೆ. ಅವರ ಎಲೆಗೆ ಇನ್ನಷ್ಟು ಅನ್ನ ಹಾಕಿ, ಪಕ್ಕದ ಎಲೆಗೆ ಸರಿದೆ.