ತಲೆಯಿಲ್ಲದ ಜೈಂಟ್ ವೀಲ್

ಮಗಳ ಆಟಿಕೆಗಳು ಮನೆಯಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು, ಅದಕ್ಕೆ ನಾನು ತಲೆ ಕೆಡಿಸಿಕೊಂಡವಳಲ್ಲ. ಅವುಗಳ ಜೊತೆ ಬರುತ್ತಿದ್ದ, ಹೇಗೆ ಜೋಡಿಸಬೇಕೆಂದು ತೋರಿಸುವ ಚಿತ್ರದ ಪುಸ್ತಿಕೆಗಳನ್ನು ಮಾತ್ರ ಒಂದೂ ಕಳೆಯದಂತೆ ಎತ್ತಿಡುತ್ತಿದ್ದೆ. ದಾವಣಗೆರೆ ಜಿಲ್ಲೆಯಾದ ಮರುವರ್ಷವಿರಬೇಕು, ಅಥವಾ ಅದರ ಮುಂದಿನದು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಸೀರೆಯ ಡಬ್ಬಿ ಅವುಗಳಿಗೇ ಮೀಸಲಾಗಿತ್ತು. ಪ್ಲಾಸ್ಟಿಕ್ ಇಟ್ಟಿಗೆಗಳವು ಒಂದು ಕಡೆ, ತೂತುಪಟ್ಟಿ, ನಟ್ಟು, ಬೋಲ್ಟುಗಳ ಕಬ್ಬಿಣದ ಸೆಟ್ಟಿನವು ಇನ್ನೊಂದು ಕಡೆ. ಒಳಪುಟಗಳಲ್ಲಿ ಅಕ್ಷರವೇ ಇರುತ್ತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿ, ದಪ್ಪ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಕಣ್ಣು ಸವೆಸಿದವಳಿಗೆ ಅದೇ ಸೋಜಿಗ. ಒಂದು ಮಾತೂ ಆಡದೆ, ಒಂದು ಲಾರಿ ಹೇಗೆ ಹುಟ್ಟುತ್ತದೆಂದು ಅವು ಹೇಳಿ ಮುಗಿಸಿಬಿಡುತ್ತಿದ್ದವು.

ಆ ಡಬ್ಬಿಯಲ್ಲಿ ಒಂದು ಪುಸ್ತಿಕೆ ನಮ್ಮದಲ್ಲ. ಹರಿಹರದಲ್ಲಿದ್ದ ನನ್ನ ಅಣ್ಣನದು. ಅವನು ಹುಡುಗನಾಗಿದ್ದಾಗ ಅಪ್ಪ ಕೊಡಿಸಿದ ಕಬ್ಬಿಣದ ಸೆಟ್ಟಿನದು. ಅದರ ಕೊನೆಯ ಪುಟದಲ್ಲಿ ಒಂದು ಜೈಂಟ್ ವೀಲ್ ಇತ್ತು. ಅದಕ್ಕೆ ಬೇಕಾದಷ್ಟು ಪಟ್ಟಿಗಳು ಅವನ ಸೆಟ್ಟಿನಲ್ಲಿರಲಿಲ್ಲ. ಬಸ್ಸು ಕಟ್ಟಿದ, ಏಣಿ ಕಟ್ಟಿದ, ತಕ್ಕಡಿ ಕಟ್ಟಿದ. ಕೊನೆಯ ಪುಟವನ್ನು ಮಾತ್ರ ನೋಡಿಕೊಂಡೇ ದೊಡ್ಡವನಾದ. ಈಗ ನನ್ನ ಮಗಳಿಗೂ ಅದೇ ಬಗೆಯ ಸೆಟ್ಟು ಬಂದಾಗ, ಎರಡನ್ನೂ ಕೂಡಿಸಿದರೆ ಪಟ್ಟಿಗಳು ಸಾಕಾಗುತ್ತವೆಂದು ಹೊಳೆದದ್ದು ಅವನಿಗೇ.

"ಶಾಲಿ ಶುರುವಾದ್ಮ್ಯಾಲೆ ಒಂದು ಭಾನುವಾರ ಕೂಸಿನ್ನ ಕರ್ಕಂಡು ಬಾ," ಅಂದ. ಪುಸ್ತಿಕೆಯನ್ನು ನನ್ನ ಕೈಗೆ ಕೊಟ್ಟ. "ನನ್ನತ್ರ ಇದ್ರೆ ಇಲಿ ತಿಂತಾವೆ. ನೀನಾದ್ರೆ ಜ್ವಾಪಾನ ಮಾಡ್ತಿ."

ಜೂನ್ ಬಂತು. ನಮ್ಮ ಮನೆಯಲ್ಲಿ ರಟ್ಟಿನ ಬೈಂಡ್ ಆಗದ ಪುಸ್ತಕ ಶಾಲೆಗೆ ಹೋಗುವಂತಿರಲಿಲ್ಲ. ತಮ್ಮ ಅಂಗಡಿಯನ್ನು ದೊಡ್ಡ ಮಗನಿಗೆ ಬಿಟ್ಟುಕೊಟ್ಟ ಮೇಲೆ ನನ್ನ ಮಾವನವರು ಆ ಕೆಲಸವನ್ನು ವ್ರತದಂತೆ ಹಿಡಿದಿದ್ದರು. ಮೊಮ್ಮಗಳ ಪಠ್ಯಪುಸ್ತಕಗಳನ್ನು ಚೀಲಕ್ಕೆ ತುಂಬಿ ಬೈಂಡಿಂಗ್ ಅಂಗಡಿಗೆ ಹೋದರು. ಸಂಜೆ ಬಂದು ಎಲ್ಲಕ್ಕಿಂತ ಮೇಲೆ ಇಟ್ಟದ್ದು ಒಂದು ದಪ್ಪ ಪುಸ್ತಕ. ಬೆನ್ನಿಗೆ ಕೆಂಪು ಬಟ್ಟೆ, ಮೈಗೆ ಹೂಬಳ್ಳಿಯ ಕಾಗದ. ಒಳಗೆ ನನ್ನ ಸೀರೆ ಡಬ್ಬಿಯ ಅಷ್ಟೂ ಪುಸ್ತಿಕೆಗಳು.

"ನೋಡವ್ವ, ಇನ್ನ ಒಂದು ಹಾಳಿನೂ ಹಾರಲ್ಲ."

"ಮಾವ, ಇವು ಪಾಠದ ಪುಸ್ತಕ ಅಲ್ರಿ..."

"ಪುಸ್ತಕ ಅಂದ್ಮ್ಯಾಲೆ ರಟ್ಟು ಬ್ಯಾಡೇನು? ಕೂಸು ವಚನ ಓದಿದಂಗೆ ಓದತೈತೆ ಅವನ್ನ."

ಹೊಲಿಗೆ ಗಟ್ಟಿಯಾಗಿತ್ತು, ಅಂಚುಗಳು ಬೆಣ್ಣೆಯಲ್ಲಿ ಕೊರೆದಂತೆ ಸಮವಾಗಿದ್ದವು. ಸಮ ಮಾಡುವುದಕ್ಕೆ ಬೈಂಡಿಂಗಿನವನು ಎಲ್ಲವನ್ನೂ ಅತಿ ಚಿಕ್ಕ ಪುಸ್ತಿಕೆಯ ಅಳತೆಗೆ ಕತ್ತರಿಸಿದ್ದ. ಅಣ್ಣನ ಪುಸ್ತಿಕೆ ಮಿಕ್ಕವುಗಳಿಗಿಂತ ಎಷ್ಟೋ ಉದ್ದ. ಕೊನೆಯ ಪುಟ ತೆರೆದೆ. ಜೈಂಟ್ ವೀಲಿನ ಕಾಲುಗಳಿದ್ದವು, ನಡುವಿನ ಅಚ್ಚು ಇತ್ತು, ತೊಟ್ಟಿಲುಗಳು ತೂಗುವ ಕೆಳಗಿನ ಅರ್ಧಚಕ್ರವಿತ್ತು. ಅಚ್ಚಿನಿಂದ ಮೇಲಿನದೆಲ್ಲ ಬೈಂಡಿಂಗ್ ಅಂಗಡಿಯ ನೆಲದ ಮೇಲೆ ಉಳಿದಿತ್ತು. ಮಾವನವರ ಮುಖದಲ್ಲಿ ಅಷ್ಟು ಸಂತೋಷವಿತ್ತು, ನಾನು ಪುಸ್ತಕ ಮುಚ್ಚಿಟ್ಟೆ.

ಭಾನುವಾರ ಹರಿಹರದ ಬಸ್ಸಿನಲ್ಲಿ ಆ ಪುಸ್ತಕ ನನ್ನ ತೊಡೆಯ ಮೇಲೆ ಭಾರವಾಗಿತ್ತು. ಸೆಟ್ಟಿನ ಡಬ್ಬಿ ಮಗಳ ತೊಡೆಯ ಮೇಲೆ ಗಲಗಲ ಅನ್ನುತ್ತಿತ್ತು. ಅಣ್ಣ ನಡುಮನೆಯಲ್ಲಿ ಚಾಪೆ ಹಾಸಿ, ತನ್ನ ಹಳೆಯ ಪಟ್ಟಿಗಳನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಉದ್ದದ ಪ್ರಕಾರ ಸಾಲಾಗಿ ಇಟ್ಟಿದ್ದ. ನಲವತ್ತು ದಾಟಿದ ಬ್ಯಾಂಕಿನ ಗುಮಾಸ್ತ. ಪುಸ್ತಕ ಬಿಡಿಸಿ ಬಹಳ ಹೊತ್ತು ನೋಡಿದ.

"ಇದೇನವ್ವ, ಇದಕ್ಕೆ ಕ್ಷೌರ ಮಾಡ್ಸಿಕೊಂಡು ಬಂದೀರಿ?" ಅಂದ. ನಗಲು ನೋಡಿದ, ಆಗಲಿಲ್ಲ.

ಒಳಗಿನಿಂದ ಅತ್ತಿಗೆ, "ಇಷ್ಟು ವರ್ಷ ಕಾದೀರಿ, ಅರ್ಧನಾದ್ರೂ ಮಾಡ್ರಿ. ಅರ್ಧ ಟಿಕೀಟು ಇಟ್ರಾತು," ಅಂದಳು.

ಅಣ್ಣ ಪುಸ್ತಕ ಮುಚ್ಚಲು ಕೈ ಚಾಚಿದ. ಆಗ ಮಗಳು ಹೇಳಿದಳು: "ಮ್ಯಾಲಿಂದು ಇಲ್ಲೇ ಐತಲ್ಲ ಮಾಮ."

"ಎಲ್ಲೈತೆ?"

ಅವಳು ಕೆಳಗಿನ ಅರ್ಧಚಕ್ರದ ಮೇಲೆ ಬೆರಳಿಟ್ಟಳು. "ಇದೇ ಮ್ಯಾಲಿಂದು. ಕಾಲು ಮಾತ್ರ ಬ್ಯಾಡ. ಮತ್ತೆ ತೊಟ್ಟಿಲು ತಿರುವಿ ಹಾಕಬಾರದು, ಜನ ಬೀಳ್ತಾರೆ."

ಇದನ್ನು ಬರೆಯುವಾಗ ನೆನಪು ಮೋಸ ಮಾಡೀತೆಂದು ನನಗೆ ಹೆದರಿಕೆಯಾಗುತ್ತದೆ. ಅವಳು ಪುಸ್ತಕವನ್ನು ಎತ್ತಿ ತಲೆಕೆಳಗು ಮಾಡಿ ನಮ್ಮ ಮುಂದಿಟ್ಟಳು ಎಂದೇ ಎಷ್ಟೋ ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಆ ಪುಟ್ಟ ಕೈಗಳು ಕಣ್ಣಿಗೆ ಕಟ್ಟಿದಂತೆಯೂ ಇವೆ. ಅಣ್ಣನನ್ನು ಕೇಳಿದರೆ ತಿರುಗಿಸಿದ್ದು ತಾನು ಅನ್ನುತ್ತಾನೆ. ಈಚೆಗೆ ಮಗಳನ್ನೇ ಕೇಳಿದೆ. "ಯಾರೂ ತಿರುಗಿಸಲಿಲ್ಲಮ್ಮ. ನಾನು ಕೂತಿದ್ದೇ ಆ ಕಡೆ. ನೀವಿಬ್ಬರೂ ಈ ಕಡೆ ಕೂತು ಅಳೋ ಹಂಗೆ ಆಗಿದ್ರಿ," ಅಂದಳು. ಹಾಗೇ ಇದ್ದೀತು. ಆದರೆ ಅದರಿಂದ ನನ್ನ ಬೆರಗು ಕಡಿಮೆಯಾಗಲಿಲ್ಲ. ಎದುರು ಕೂತವಳಿಗೆ ಚಿತ್ರ ತಲೆಕೆಳಗಾಗಿ ಕಂಡಿತು, ಸರಿ. ತಲೆಕೆಳಗಾದ ತೊಟ್ಟಿಲಿನಿಂದ ಜನ ಬೀಳುತ್ತಾರೆ ಎಂದು ಅವಳಿಗೆ ಕಂಡದ್ದು ಯಾವ ಕಡೆಯಿಂದ? ಆ ಕಾಗದದಲ್ಲಿ ಜನರೇ ಇರಲಿಲ್ಲ.

ಮಧ್ಯಾಹ್ನದ ಊಟ ತಡವಾಯಿತು. ಅಣ್ಣ ಪಟ್ಟಿ ಹಿಡಿದ, ಮಗಳು ನಟ್ಟು ತಿರುಗಿಸಿದಳು. ನಾನು ಬೋಲ್ಟುಗಳನ್ನು ಆರಿಸಿ ಕೊಡುತ್ತ ಕೂತೆ. ಕೆಳಗೆ ಒಂದು ಪಟ್ಟಿ ಹಾಕಿದರೆ ಮೇಲೆ ಅದಕ್ಕೆ ಎದುರಾಗಿ ಇನ್ನೊಂದು. ಒಂದೊಂದಕ್ಕೂ ಅವಳು ಚಿತ್ರ ನೋಡಿ, ಕಣ್ಣು ಮುಚ್ಚಿ, ತೆರೆದು, ಕೈ ಚಾಚುತ್ತಿದ್ದಳು. ಕಣ್ಣು ಮುಚ್ಚಿದಾಗ ಒಳಗೆ ಏನು ತಿರುಗುತ್ತಿತ್ತೋ ಎಂದು ನಾನು ಕೈಯಲ್ಲಿ ಬೋಲ್ಟು ಹಿಡಿದುಕೊಂಡು ನೋಡುತ್ತಿದ್ದೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗುವೇ, ಆದರೆ ಆ ಜಾಗಕ್ಕೆ ನನಗೆ ಪ್ರವೇಶವಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಚಕ್ರ ಎದ್ದು ನಿಂತಿತು. ಅಣ್ಣ ಹಿಡಿಕೆಗೆ ಒಂದೇ ಬೆರಳು ತಾಗಿಸಿದ. ಒಂದು ಪಕ್ಕಕ್ಕೆ ಸ್ವಲ್ಪ ವಾಲಿ, ಕಿರ್ ಎಂದು, ತಿರುಗಿತು. ತೊಟ್ಟಿಲುಗಳು ಮೇಲೇರಿದವು, ತೂಗುತ್ತ ಇಳಿದವು. ಅತ್ತಿಗೆ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಬಂದು ನಿಂತವಳು ಚೇಷ್ಟೆ ಮರೆತಳು. ಅಣ್ಣ ಹಿಡಿಕೆ ಬಿಟ್ಟು, ಅದು ತಾನಾಗಿ ನಿಲ್ಲುವವರೆಗೂ ನೋಡಿದ.

ಬಸ್ಸಿನ ಹೊತ್ತಾಯಿತೆಂದು ನಾನೇ ಎಚ್ಚರಿಸಿದೆ. ಮಗಳು ಸ್ಕ್ರೂಡ್ರೈವರ್ ತೆಗೆದುಕೊಂಡಳು. ಅರ್ಧ ಪಟ್ಟಿಗಳು ಅವಳವಲ್ಲವೇ.

"ಹ್ಞೂಂ, ಬಿಚ್ಚು. ನಿನ್ನವು ನೀ ತಗಂಡು ಹೋಗು," ಅಂದ ಅಣ್ಣ, ಚಕ್ರದಿಂದ ಕಣ್ಣು ಕೀಳದೆ.

ಅವಳು ಅವನ ಮುಖವನ್ನೇ ನೋಡಿದಳು. ಸ್ಕ್ರೂಡ್ರೈವರನ್ನು ಚಾಪೆಯ ಮೇಲಿಟ್ಟಳು.

"ಬ್ಯಾಡ ಮಾಮ, ಇಲ್ಲೇ ಇರ್ಲಿ. ನೀ ಇನ್ನೂ ಆಡೇ ಇಲ್ಲ."

ಖಾಲಿ ಡಬ್ಬಿ ಹಿಡಿದು ನಾವು ದಾವಣಗೆರೆಯ ಬಸ್ಸು ಹತ್ತಿದೆವು.