ಹಿಂದಕ್ಕೆ ಹೋಗದ ಹೆರಾಲ್ಡ್

ನನ್ನ ಬಿಳಿ ಅಂಗಿಯ ತೋಳಿನ ಮೇಲೆ ಅಂಗೈಯಗಲದ ಕಂದು ಕಲೆಯೊಂದು ಕೂತಿದೆ. ತುಕ್ಕಿನ ಕಲೆ. ಹೆಂಡತಿ ನಳಿನಿ ಅದಕ್ಕೆ ಉಪ್ಪು ತಿಕ್ಕಿದಳು, ಮಜ್ಜಿಗೆಯಲ್ಲಿ ನೆನೆಹಾಕಿದಳು, ಬಿಸಿಲಿಗೆ ಒಡ್ಡಿದಳು. ಕಲೆ ತೆಳುವಾಯಿತು, ಆದರೆ ಇನ್ನಷ್ಟು ಅಗಲವಾಯಿತು. ಇವತ್ತು ಬೆಳಿಗ್ಗೆ ಅವಳು ಸೋಲೊಪ್ಪಿಕೊಂಡು ಅಂಗಿಯನ್ನು ನನ್ನ ಮಡಿಲಿಗೆ ಹಾಕಿ, "ಇದನ್ನ ಇನ್ನು ಕಾರಿನ ಕೆಲ್ಸಕ್ಕೇ ಇಟ್ಕೊಂಬಿಡಿ" ಎಂದಳು. ಮೂಸಿ ನೋಡಿದೆ. ಹಳೆಯ ಆಯಿಲು, ಒದ್ದೆ ಕಬ್ಬಿಣ, ಬಿಸಿಲಲ್ಲಿ ಬೆಂದ ರೆಕ್ಸಿನ್. ಬ್ಯಾಂಕಿನಿಂದ ನಿವೃತ್ತನಾದ ಗುಮಾಸ್ತನ ಅಂಗಿಯಿಂದ ಬರುವ ವಾಸನೆಯಲ್ಲ ಅದು. ಆದರೂ ನನಗೆ ಯಾಕೋ ಹೆಮ್ಮೆಯಾಯಿತು.

ನೀವು ಬಸವನಗುಡಿ, ಚಾಮರಾಜಪೇಟೆ, ಶಂಕರಪುರಂ ಕಡೆ ಬೆಳಗಿನ ವಾಕಿಂಗ್ ಹೋಗುವವರಾದರೆ ಇಂಥ ಕಾರುಗಳನ್ನು ನೋಡಿಯೇ ಇರುತ್ತೀರಿ. ಟೈರಿನಲ್ಲಿ ಗಾಳಿಯಿಲ್ಲ, ಟಾಪಿನ ಮೇಲೆ ಒಣಗಿದ ಎಲೆ, ಬಾನೆಟ್ಟಿನ ಮೇಲೆ ಬೆಕ್ಕು, ಗಾಜಿನ ಧೂಳಿನಲ್ಲಿ ಯಾರೋ ಬೆರಳಿನಿಂದ ಬರೆದ ಹೆಸರು. 'ಯಾರದಪ್ಪಾ ಇದು, ಇಟ್ಟುಕೊಳ್ಳಲೂ ಇಲ್ಲ, ಮಾರಲೂ ಇಲ್ಲ' ಎಂದು ಮನಸ್ಸಿನಲ್ಲೇ ಬೈದು ಮುಂದೆ ಹೋಗಿರುತ್ತೀರಿ. ಶಂಕರಪುರಂನ ನಮ್ಮ ರಸ್ತೆಯಲ್ಲಿ ಹಾಗೆ ಬೈದಿದ್ದರೆ ಆ ಬೈಗುಳ ಸರಿಯಾದ ವಿಳಾಸಕ್ಕೇ ತಲುಪಿದೆ. ಕಾರು ನನ್ನ ಸೋದರತ್ತೆ ಸರಸತ್ತೆಯದು. ಅದನ್ನು ಇಪ್ಪತ್ತೆರಡು ವರ್ಷ ಬೀದಿಯಲ್ಲಿ ನಿಲ್ಲಿಸಿದವನು ನಾನು.

ಸರಸತ್ತೆ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗ್ಲಿಲ್ಲ" ಎಂದುಬಿಡುತ್ತಿದ್ದರು. ನಾನಿನ್ನೂ ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ, ಬೂದುನೀಲಿ ಬಣ್ಣದ ಸೆಕೆಂಡ್‌ ಹ್ಯಾಂಡ್ ಹೆರಾಲ್ಡ್ ಕಾರೊಂದನ್ನು ತಾವೇ ಓಡಿಸಿಕೊಂಡು ಬಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಅಜ್ಜಿ ಬಾಗಿಲಲ್ಲಿ ನಿಂತು, "ಯಾರನ್ನ ಕೇಳಿ ತಂದೆ?" ಎಂದರು. "ನನ್ನನ್ನೇ ಕೇಳ್ಕೊಂಡೆ" ಎಂದರು ಅತ್ತೆ. ಆಳು ಕುಳ್ಳಾದ್ದರಿಂದ ಸೀಟಿನ ಮೇಲೊಂದು ದಿಂಬು, ಸೆರಗಿಗೊಂದು ಪಿನ್ನು. ಗಾಂಧಿ ಬಜಾರಿನಲ್ಲಿ ಅವರ ಕಾರು ಹೋಗುತ್ತಿದ್ದರೆ ತರಕಾರಿ ಆರಿಸುತ್ತಿದ್ದವರು ಕೈಯಲ್ಲಿದ್ದ ಬೆಂಡೆಕಾಯಿ ಮುರಿಯುವುದನ್ನು ಬಿಟ್ಟು ನೋಡುತ್ತಿದ್ದರು.

ಅತ್ತೆಯ ಡ್ರೈವಿಂಗಿನಲ್ಲಿ ಒಂದೇ ಒಂದು ಕೊರತೆಯಿತ್ತು. ಅವರಿಗೆ ರಿವರ್ಸ್ ಬರುತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡವರಲ್ಲ. ಒಂದು ತಿರುವು ತಪ್ಪಿದರೆ ಇಡೀ ಬಡಾವಣೆ ಸುತ್ತಿ ಬಂದು ಅದೇ ತಿರುವಿಗೆ ಮತ್ತೆ ಸೇರುತ್ತಿದ್ದರು. ಎನ್.ಆರ್. ಕಾಲೋನಿಯ ಸ್ನೇಹಿತೆಯ ಮನೆಗೆ ಹತ್ತು ನಿಮಿಷದ ದಾರಿಗೆ ಅರ್ಧ ಗಂಟೆ ಹಿಡಿಯುತ್ತಿದ್ದುದು ಇದರಿಂದಲೇ. ನಾವು ನಗಾಡಿದರೆ, "ಊರು ನೋಡ್ದಂಗಾಯ್ತು, ಸುಮ್ನೆ ಕೂತ್ಕೊಳ್ಳಿ" ಎನ್ನುತ್ತಿದ್ದರು.

ಹೆರಾಲ್ಡಿನ ಬಾನೆಟ್ಟು ಬೇರೆ ಕಾರುಗಳ ಬಾನೆಟ್ಟಿನಂತಲ್ಲ. ಮಡ್ಗಾರ್ಡುಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅತ್ತೆ ದಿನಾ ಬೆಳಿಗ್ಗೆ ಅದನ್ನೆತ್ತಿ, ಹಿತ್ತಾಳೆ ಚೊಂಬಿನಲ್ಲಿ ರೇಡಿಯೇಟರಿಗೆ ನೀರು ಹಾಕಿ, ಆಮೇಲೆ ಕಾಫಿ ಕುಡಿಯುತ್ತಿದ್ದರು. ಈ ನೀರಿನ ವಿಷಯ ನೆನಪಾದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ. ಮಲ್ಲೇಶ್ವರದಲ್ಲಿ ಸಹೋದ್ಯೋಗಿಯೊಬ್ಬನ ಮದುವೆಗೆ ಕಾರು ಕೇಳಿದೆ. ಅತ್ತೆ ಕೀ ಕೊಟ್ಟು, "ನೀರು ನೋಡ್ಕೋ" ಎಂದರು. "ಹೂಂ" ಎಂದೆ. ನೋಡಲಿಲ್ಲ. ಹೊಸ ಷರಟು ಹಾಕಿಕೊಂಡಿದ್ದೆ, ಕೈ ಕೊಳೆಯಾಗುತ್ತದೆಂಬ ಸೋಮಾರಿತನ. ವಾಪಸು ಬರುವಾಗ ಸಂಪಿಗೆ ರಸ್ತೆಯ ಜಂಗುಳಿಯಲ್ಲಿ ಶಾಖದ ಮುಳ್ಳು ಮೇಲೇರಿತು. ಕಂಡೆ, ಕಂಡರೂ ತಾನಾಗಿ ಇಳಿಯುತ್ತದೆಂದು ಓಡಿಸಿದೆ. ಇಳಿಯಲಿಲ್ಲ. ಎಂಜಿನ್ ಒಂದು ಸಲ ಕರಕರ ಎಂದು ನಿಂತೇಹೋಯಿತು. ಹಗ್ಗ ಕಟ್ಟಿ ಎಳೆದುಕೊಂಡು ಮನೆ ಮುಂದೆ ತಂದು ನಿಲ್ಲಿಸಿದಾಗ ಅತ್ತೆ ಗೇಟಿನಲ್ಲಿದ್ದರು. "ಹಳೇ ಗಾಡಿ ಅತ್ತೆ, ಇದ್ದಕ್ಕಿದ್ದಂಗೆ ಕೆಟ್ಟೋಯ್ತು. ಮುಂದಿನ್ ತಿಂಗ್ಳು ಮಾಡಿಸ್ಕೊಡ್ತೀನಿ" ಎಂದೆ. ಅವರು ಏನೂ ಅನ್ನಲಿಲ್ಲ. ಮಾರನೆಯ ದಿನ ಆಟೋದಲ್ಲಿ ಕಾಲೇಜಿಗೆ ಹೋದರು. ನಾನು ಹೇಳಿದ ಮುಂದಿನ ತಿಂಗಳು ಬರಲೇ ಇಲ್ಲ, ನಿವೃತ್ತರಾಗುವವರೆಗೂ ಅವರು ಆಟೋದಲ್ಲೇ ಹೋದರು. ಆ ಆಟೋ ತಿರುವಿನಲ್ಲಿ ಮರೆಯಾಗುವವರೆಗೆ ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಕಾಂಪೌಂಡಿನೊಳಗೆ ಆಗ ಬಾಡಿಗೆದಾರರ ಸ್ಕೂಟರುಗಳಿದ್ದವು. ಆದ್ದರಿಂದ ಕಾರು ಹೊರಗೇ ಉಳಿಯಿತು. ಆದರೆ ಆಯುಧಪೂಜೆ ತಪ್ಪಲಿಲ್ಲ. ರಾಹುಕಾಲಕ್ಕೆ ಸೊಪ್ಪು ಹಾಕದ ಅತ್ತೆ ಈ ಪೂಜೆಯನ್ನು ಮಾತ್ರ ಬಿಟ್ಟವರಲ್ಲ. ವರ್ಷಕ್ಕೊಮ್ಮೆ ಕಾರಿಗೆ ಸ್ನಾನ, ಅರಿಶಿನ ಕುಂಕುಮ, ಸೇವಂತಿಗೆ ಹಾರ. ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು. ಓಡುವ ಗಾಡಿಯಾದರೆ ಸ್ಟಾರ್ಟ್ ಮಾಡಿ ನಿಂಬೆಹಣ್ಣಿನ ಮೇಲೆ ಹತ್ತಿಸುತ್ತಾರೆ. ಇದು ಓಡುವುದಿಲ್ಲವಲ್ಲ, ಹಾಗಾಗಿ ನಾನು, ನಳಿನಿ, ಪಕ್ಕದ ಮನೆಯ ಬಸವರಾಜಪ್ಪನವರು ಸೇರಿ ಹಿಂದಿನಿಂದ ತಳ್ಳುತ್ತಿದ್ದೆವು. ನಾಲ್ಕೂ ಹಣ್ಣು ಅಪ್ಪಚ್ಚಿಯಾದ ಮೇಲೆ ಕುಂಬಳಕಾಯಿ ಒಡೆದು ಒಳಗೆ ಊಟ. ಮೊದಲ ವರ್ಷ ನಾನು ಕಾರನ್ನು ಇದ್ದಲ್ಲಿಗೆ ವಾಪಸು ತಳ್ಳಲು ಹೋದೆ. ಅತ್ತೆ ಗದರಿದರು: "ಪೂಜೆ ಆದ್ ಗಾಡೀನ ಹಿಂದಕ್ ತಳ್ತಾರೇನೋ! ಇರ್ಲಿ ಬಿಡು ಅಲ್ಲೇ." ಅಲ್ಲೇ ಬಿಟ್ಟೆವು. ಒಂದೂವರೆ ಅಡಿ ಏನು ಮಹಾ ಅಂತರ?

ಗಣಿತದ ಮೇಡಂ ಇದ್ದ ಮನೆಯಲ್ಲಿ ಈ ಲೆಕ್ಕ ಯಾರಿಗೂ ಹೊಳೆಯಲಿಲ್ಲ ನೋಡಿ. ವರ್ಷ ವರ್ಷ ಒಂದೂವರೆ ಅಡಿಯಂತೆ ಕಾರು ಹೊರಟೇಬಿಟ್ಟಿತ್ತು. ಟಾಪಿನ ಮೇಲೆ ಹೊಂಗೆ ಹೂವು ಬೀಳುವುದು ನಿಂತು ಬಸವರಾಜಪ್ಪನವರ ಮರದ ನೆಲ್ಲಿಕಾಯಿ ಬೀಳತೊಡಗಿದಾಗಲೂ ನಾನು ನೆಲ್ಲಿಕೊಂಬೆ ಬೆಳೆದಿದೆ ಎಂದುಕೊಂಡೆ. ಬಸವರಾಜಪ್ಪನವರದು ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ. ಗಿರಾಕಿ ನೂರು ಸೀರೆ ಬಿಚ್ಚಿಸಿ ಎದ್ದುಹೋದರೂ ನಗುವ ಜೀವ. ಕಳೆದ ವರ್ಷ ಪೂಜೆಯ ಪ್ರಸಾದ ತಿನ್ನುತ್ತ ಅವರು ಬಹಳ ಸಂಕೋಚದಿಂದ, "ಮೇಡಂ, ತಪ್ಪು ತಿಳೀಬೇಡಿ. ಇನ್ನೆರಡು ಪೂಜೆ ಆದ್ರೆ ನಮ್ಮ ಗೇಟು ಪೂರ್ತಿ ಮುಚ್ಚೋಗುತ್ತೆ" ಎಂದರು. ಎಲ್ಲರೂ ಹೊರಗೆ ಬಂದು ನೋಡಿದೆವು. ಕಾರು ಅವರ ಗೇಟಿಗೆ ಅರ್ಧ ಅಡ್ಡ ನಿಂತಿತ್ತು. ಪಾಪ, ತಮ್ಮ ಗೇಟು ಮುಚ್ಚುವ ಕಾರನ್ನು ಅವರೇ ಪ್ರತಿವರ್ಷ ಬಂದು ತಳ್ಳಿಕೊಟ್ಟಿದ್ದರು.

ಅದಾಗಿ ಕೆಲವು ತಿಂಗಳಿಗೆ ಮುಂದಿನ ಗಾಜಿನ ಮೇಲೆ ಪಾಲಿಕೆಯವರ ಚೀಟಿ ಅಂಟಿತು. ವಾರದೊಳಗೆ ತೆಗೆಯದಿದ್ದರೆ ವಾರಸುದಾರರಿಲ್ಲದ ವಾಹನವೆಂದು ಎತ್ತಿಕೊಂಡು ಹೋಗುತ್ತೇವೆ ಎಂದು. ಎತ್ತಿಕೊಂಡು ಹೋದದ್ದು ಗುಜರಿಗೆ ಸೇರುತ್ತದೆಂದು ಎಲ್ಲರಿಗೂ ಗೊತ್ತು. ಅತ್ತೆ ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದರು. ಅವರಿಗೀಗ ಎಪ್ಪತ್ತೊಂಬತ್ತು. "ವಾರಸುದಾರರಿಲ್ಲ ಅಂತ ಬರೆದಿದಾರೆ. ನಾನು ಬದುಕಿದೀನಲ್ಲ!" ಎಂದರು. ಧ್ವನಿ ನಡುಗಿತು. ಆ ಧ್ವನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಕ್ಷಣ ಮನಸ್ಸು ಗಟ್ಟಿ ಮಾಡಿಕೊಂಡೆ. ಈ ಕಾರು ಗುಜರಿಗೆ ಹೋಗಕೂಡದು.

ಬಾಡಿಗೆದಾರರು ಬಿಟ್ಟು ಹೋಗಿ ಕಾಂಪೌಂಡು ಖಾಲಿಯಿತ್ತು. ಚಾಮರಾಜಪೇಟೆಯಿಂದ ಹಳೆಯ ಮೆಕ್ಯಾನಿಕ್ ದಸ್ತಗೀರ್ ಸಾಬರನ್ನು ಕರೆತಂದೆ. ಹೆರಾಲ್ಡಿನ ಆರೋಗ್ಯ ನೋಡಿಕೊಳ್ಳುತ್ತಿದ್ದವರು ಅವರೇ. ಜಾಕ್ ಹಾಕಿ ಒಂದೊಂದು ಚಕ್ರ ತಿರುಗಿಸಿ ನೋಡಿ ಬೆರಗಾದರು. "ಎಂಜಿನ್ ಮಾತು ಬೇರೆ ಮೇಡಂ. ಚಕ್ರ ಮಾತ್ರ ಜಾಮ್ ಆಗಿಲ್ಲ. ವರ್ಷಕ್ಕೊಂದ್ಸಲ ತಳ್ಳಿದೀರಲ್ಲ, ಅದಕ್ಕೇ ಬದುಕೊಂಡಿದೆ." ಎಲ್ಲಿಂದಲೋ ನಾಲ್ಕು ಟೈರು ತಂದು ಹಾಕಿದರು. ಇನ್ನೇನು, ಮೂವತ್ತಮೂರು ಅಡಿ ಹಿಂದಕ್ಕೆ ತಳ್ಳಿ ನಮ್ಮ ಗೇಟಿನೊಳಗೆ ತಿರುಗಿಸಿದರಾಯಿತು.

"ಹಿಂದಕ್ಕೆ ಬೇಡ" ಎಂದರು ಅತ್ತೆ.

ಎಲ್ಲರೂ ಅವರ ಮುಖ ನೋಡಿದೆವು. "ಇಪ್ಪತ್ತೆರಡು ಪೂಜೆ ಮುಂದಕ್ ತಳ್ಳಿದ್ದು. ಮುಂದಕ್ಕೇ ಹೋಗಿ ಸುತ್ಕೊಂಡ್ ಬರೋಣ. ನಾಲ್ಕು ಎಡ ತಿರುವು, ಮನೆ ಬಂತು" ಎಂದು ದಿಂಬು ತರಿಸಿ ಸ್ಟಿಯರಿಂಗಿನ ಮುಂದೆ ಕೂತೇಬಿಟ್ಟರು. ನಳಿನಿ ಏನೋ ಹೇಳಲು ಹೋದಳು. ನಾನು ಬೇಡವೆಂದು ಕೈಸನ್ನೆ ಮಾಡಿದೆ. ಅವತ್ತು ಅವರು ಮೈಸೂರಿಗೆ ತಳ್ಳು ಎಂದಿದ್ದರೂ ತಳ್ಳುತ್ತಿದ್ದೆನೇನೋ.

ಭಾನುವಾರ ಬೆಳಿಗ್ಗೆ ಆರೂವರೆಗೆ ಮೆರವಣಿಗೆ ಹೊರಟಿತು. ಕಾರಿಗೆ ಬ್ರೇಕಿಲ್ಲ. ದಸ್ತಗೀರ್ ಸಾಬರು ಒಂದು ಮರದ ತುಂಡು ಹಿಡಿದು ಪಕ್ಕದಲ್ಲೇ ನಡೆದರು. ನಿಲ್ಲಬೇಕೆಂದರೆ ಅದನ್ನು ಚಕ್ರಕ್ಕೆ ಕೊಡುವುದು. ಹಿಂದೆ ನಾನು, ನಳಿನಿ, ಬಸವರಾಜಪ್ಪ, ಅವರ ಸೊಸೆ. ಎರಡು ತಿರುವು ಸಲೀಸಾಗಿ ಆದವು. ಮೂರನೆಯ ರಸ್ತೆಗೆ ತಿರುಗಬೇಕೆನ್ನುವಾಗ ನೋಡಿದರೆ ಪೈಪಿಗೆಂದು ರಸ್ತೆಯನ್ನು ಅಡ್ಡಡ್ಡ ಅಗೆದಿದ್ದರು. ಬಸವರಾಜಪ್ಪ ಬೆವರೊರೆಸಿಕೊಂಡು, "ವಾಪಸ್ ಹೋಗೋದೇ ವಾಸಿ ಮೇಡಂ" ಎಂದರು. ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಮುಂದಿನ ರಸ್ತೆ ತೋರಿಸಿದರು. ಅದು ಏರು. ಅರ್ಧ ಏರಿದ ಮೇಲೆ ಕಾರು ಒಂದಿಂಚೂ ಮುಂದೆ ಸರಿಯಲಿಲ್ಲ. ಸಾಬರು ಮರದ ತುಂಡು ಕೊಟ್ಟರು. ಎಲ್ಲರೂ ಫುಟ್‌ಪಾತಿನ ಮೇಲೆ ಕುಸಿದೆವು.

ನಾನು ಮಾತ್ರ ಕಿಟಕಿಯ ಹತ್ತಿರ ಹೋದೆ. ತುಕ್ಕು ಹಿಡಿದ ಬಾಗಿಲಿಗೆ ತೋಳು ಊರಿ ನಿಂತಾಗಲೇ ಈ ಕಲೆ ಹತ್ತಿದ್ದು. "ಅತ್ತೆ, ಅವತ್ತು ನಾನು ನೀರು ನೋಡಿರ್ಲಿಲ್ಲ" ಎಂದೆ.

ಅವರು ಸ್ಟಿಯರಿಂಗ್ ಬಿಡದೆ ನನ್ನ ಕಡೆ ತಿರುಗಿದರು. "ಗೊತ್ತು. ಸಾಬ್ರು ಅವತ್ತೇ ಹೇಳಿದ್ರು."

"ಮತ್ತೆ ನೀವ್ಯಾಕೆ ಏನೂ ಅನ್ಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ. ಇಷ್ಟ್ ಹೊತ್ ಮಾಡ್ತೀಯ ಅಂತ ಗೊತ್ತಿರ್ಲಿಲ್ಲ." ಮತ್ತೆ ರಸ್ತೆಯ ಕಡೆ ತಿರುಗಿ, "ಸಿಟ್ಟೇನೋ ಇತ್ತು ಕಣೋ. ತುಂಬಾ ಇತ್ತು. ಈಗ ತಳ್ಳು, ಬಿಸ್ಲೇರುತ್ತೆ" ಎಂದರು.

ನನಗೆ ಅಳು ಬಂತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಬಸವರಾಜಪ್ಪನವರ ಸೊಸೆ ನೋಡಿಬಿಟ್ಟಿದ್ದಾಳೆ. ಕಣ್ಣೊರೆಸಿಕೊಂಡು ಹಿಂದೆ ಹೋಗಿ ಭುಜ ಕೊಟ್ಟೆ. ಮೂಲೆಯ ದರ್ಶಿನಿಯ ಮುಂದೆ ಇಡ್ಲಿ ತಿನ್ನುತ್ತ ನಿಂತಿದ್ದವರಲ್ಲಿ ನಾಲ್ಕೈದು ಜನ ತಟ್ಟೆ ಇಟ್ಟು, "ಒಂದ್ ನಿಮಿಷ ಗುರು, ಬಂದ್ವಿ" ಎಂದು ಓಡಿಬಂದರು. ಅವರ ಚಟ್ನಿ ಕೈಯ ಗುರುತು ಇನ್ನೂ ಡಿಕ್ಕಿಯ ಮೇಲಿದೆ. ಏರು ಮುಗಿಯಿತು. ಇನ್ನೆರಡು ತಿರುವು. ಅತ್ತೆ ನಮ್ಮ ಗೇಟಿಗೆ ಒಂದೇ ಸಲಕ್ಕೆ, ಕಂಬಕ್ಕೆ ಎಲ್ಲೂ ತಗಲದಂತೆ, ಕಾರನ್ನು ತಿರುಗಿಸಿದರು.

ಅದಾಗಿ ಮೂರು ತಿಂಗಳು. ಬಿಗಿದು ನಿಂತ ಎಂಜಿನ್ ಸಡಿಲವಾಗಲೆಂದು ಸಾಬರು ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಆಯಿಲ್ ಹಾಕಿ, ಎಂಜಿನ್ನಿನ ಮುಂದಿನ ದೊಡ್ಡ ನಟ್ಟಿಗೆ ಪಾನಾ ಕೂರಿಸಿ ನನ್ನ ಕೈಗೆ ಕೊಟ್ಟಿದ್ದಾರೆ. "ದಿನಾ ಸ್ವಲ್ಪ ಒತ್ತಿ. ಜೋರು ಮಾಡ್ಬೇಡಿ, ಬಿಡಲೂಬೇಡಿ." ಒಂದು ದಿನವೂ ಬಿಟ್ಟಿಲ್ಲ. ಜ್ವರವಿದ್ದ ದಿನವೂ ಮಫ್ಲರ್ ಸುತ್ತಿಕೊಂಡು ಹೋಗಿ ಒತ್ತಿದ್ದೇನೆ. ತೊಂಬತ್ತು ದಿನವೂ ಅದು ಕಲ್ಲಿನಂತೆ ಕೂತಿತ್ತು.

ಇವತ್ತು ಬೆಳಿಗ್ಗೆ ಅದೇ ಅಂಗಿ ಹಾಕಿಕೊಂಡು ಹೋಗಿ ಒತ್ತಿದೆ. ಒಳಗೆ ಎಲ್ಲೋ ಕಟ್ ಎಂದು ಸಣ್ಣ ಸದ್ದಾಯಿತು. ಪಾನಾ ಒಂದು ಬೆರಳಿನಷ್ಟು ಜಾರಿತು. ಕೈ ತಪ್ಪಿತೆಂದುಕೊಂಡು ಮತ್ತೆ ಒತ್ತಿದೆ. ಮತ್ತೆ ಬಂತು. ಎಂಜಿನ್ನಿನ ಮುಂದಿನ ಫ್ಯಾನು ಅಲ್ಲಾಡಿತು. ನಾನು ಕೂಗಿಕೊಂಡ ರೀತಿಗೆ ನಳಿನಿ ಏನೋ ಅನಾಹುತವೆಂದು ಓಡಿಬಂದಳು. ಅವಳ ಹಿಂದೆ ಗೋಡೆ ಹಿಡಿದುಕೊಂಡು ಅತ್ತೆ. ಫ್ಯಾನಿನ ಮೇಲೆ ಕೈಯಿಟ್ಟು, "ಇನ್ನೊಂದ್ಸಲ" ಎಂದರು. ಒತ್ತಿದೆ. ಅವರ ಬೆರಳುಗಳ ಕೆಳಗೆ ಫ್ಯಾನು ನಿಧಾನಕ್ಕೆ ಅರ್ಧ ಸುತ್ತು ಬಂತು.

ಅತ್ತೆ ಕೈ ತೆಗೆಯಲಿಲ್ಲ. ಕಾಲೇಜಿನ ದಿನಗಳ ಧ್ವನಿಯಲ್ಲಿ ಕೇಳಿದರು: "ಈ ವಯಸ್ಸಲ್ಲಿ ಲೈಸೆನ್ಸ್ ಕೊಡ್ಬೇಕಾದ್ರೆ ಡಾಕ್ಟ್ರು ಏನೇನ್ ಬರ್ಕೊಡ್ಬೇಕಂತೆ?"

"ನಾಳೆ ಆರ್‌ಟಿಓ ಆಫೀಸ್ ತೆಗ್ಯೋ ಹೊತ್ಗೆ ಹೋಗಿ ಕೇಳ್ಕೊಂಡ್ ಬರ್ತೀನಿ ಅತ್ತೆ" ಎಂದೆ.